ಗಾಂಧಾರ ಯಾವುದೆಂದು ಕೇಳುವ ಕಂಪ್ಯೂಟರು

ಪಾಶ್ಚಾತ್ಯ ಸಂಗೀತದ ಐದು ಗೆರೆಯ ಸ್ವರಲಿಪಿಯನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸಲು ಎರಡು ದಾರಿಗಳಿವೆ. ಮೊದಲನೆಯದರಲ್ಲಿ ಪರದೆಯ ಮೇಲೆ ಗೆರೆಗಳು ಆಗಲೇ ಎಳೆದಿರುತ್ತವೆ. ಮೌಸ್ ಹಿಡಿದು ಸ್ವರಗಳನ್ನು ಒಂದೊಂದಾಗಿ ಅಲ್ಲಿ ಕೂರಿಸುತ್ತ ಹೋದರಾಯಿತು. ಮ್ಯೂಸ್‌ಸ್ಕೋರ್, ಸಿಬೇಲಿಯಸ್ ಈ ಜಾತಿಯವು. ಎರಡನೆಯದರಲ್ಲಿ ಗೆರೆಯೂ ಕಾಣದು, ಸ್ವರದ ಬೊಟ್ಟೂ ಕಾಣದು. ಅಕ್ಷರ, ಅಂಕಿ, ಒಂದಿಷ್ಟು ವಿರಾಮಚಿಹ್ನೆ, ಅಷ್ಟೇ. ಇವನ್ನು ಸಾದಾ ಫೈಲಿನಲ್ಲಿ ಟೈಪ್ ಮಾಡಿ ಒಪ್ಪಿಸಿದರೆ ತಂತ್ರಾಂಶವು ಅಚ್ಚಿಗೆ ಹೋಗುವಂಥ ಪುಟವನ್ನು ಕೊಡುತ್ತದೆ. ಈ ಎರಡನೆಯ ಬಗೆಯಲ್ಲಿ ಹೆಸರಾದದ್ದು ಲಿಲಿಪಾಂಡ್. ನೆದರ್ಲೆಂಡ್ಸಿನ ಹಾನ್-ವೆನ್ ನೀನ್‌ಹೌಸ್ ಮತ್ತು ಯಾನ್ ನ್ಯೂವನ್‌ಹೌಜನ್ ಎಂಬ ಇಬ್ಬರು 1996ರಲ್ಲಿ ಇದನ್ನು ಆರಂಭಿಸಿದರು. ಇದು ಉಚಿತ, ಮುಕ್ತ ತಂತ್ರಾಂಶ. ಜಿಎನ್‌ಯು ಯೋಜನೆಯ ಭಾಗ. ಕಲಿಯುವುದು ಕಷ್ಟ ಎಂಬ ಹೆಸರೂ ಇದಕ್ಕೆ ಅಂಟಿಕೊಂಡಿದೆ, ಆ ಹೆಸರು ಸುಳ್ಳೇನಲ್ಲ. ಆದರೆ ಕಷ್ಟ ಎಲ್ಲಿದೆ ಎಂದು ಹುಡುಕಿದರೆ ಅದು ಟೈಪಿಂಗಿನಲ್ಲಿ ಸಿಗುವುದಿಲ್ಲ. ಕೈಯಲ್ಲಿ ಬರೆಯುವಾಗ ಓದುವವರ ತಿಳಿವಳಿಕೆಗೆ ಬಿಟ್ಟುಬಿಡುವ ಎಷ್ಟೋ ಸಂಗತಿಗಳನ್ನು ಲಿಲಿಪಾಂಡ್ ಬಾಯಿಬಿಟ್ಟು ಹೇಳಿಸುತ್ತದೆ. ಹೇಳುವ ಕ್ರಮ ಇರುವುದು ಅದರ ಕೈಪಿಡಿಯಲ್ಲಿ. ಹಾಗಾಗಿ ಲಿಲಿಪಾಂಡ್ ಕಲಿಯುವುದೆಂದರೆ ಮುಕ್ಕಾಲು ಪಾಲು ಅದರ ಕೈಪಿಡಿಯನ್ನು ಓದಲು ಕಲಿಯುವುದೇ.

ಸಂಗೀತವನ್ನು ಅಕ್ಷರದಲ್ಲಿ ಬರೆಯುವುದು ನಮಗೇನೂ ಹೊಸದಲ್ಲ. ಸರಳೆ ವರಸೆಯ ಮೊದಲ ಪಾಠವನ್ನೇ ನೋಡಿ: ಸ ರಿ ಗ ಮ ಎಂದು ನಾಲ್ಕಕ್ಷರ, ಒಂದು ಗೆರೆ, ಪ ದ, ಮತ್ತೊಂದು ಗೆರೆ, ನಿ ಸ, ಕೊನೆಗೆ ಜೋಡಿ ಗೆರೆ. ಸ್ವರ ಒಂದಕ್ಷರ ಕಾಲ ಹೆಚ್ಚು ನಿಂತರೆ ಕಾಮಾ, ಎರಡಕ್ಷರ ಕಾಲ ನಿಂತರೆ ಸೆಮಿಕೋಲನ್. ತಾರಸ್ಥಾಯಿಗೆ ತಲೆಯ ಮೇಲೊಂದು ಚುಕ್ಕೆ, ಮಂದ್ರಕ್ಕೆ ಕಾಲಡಿಗೊಂದು. ಮಿಜೋರಾಂ ಮತ್ತು ಖಾಸಿ ಗುಡ್ಡಗಳ ಚರ್ಚುಗಳಲ್ಲಿ ಇಡೀ ಗಾಯನವೃಂದ ಟಾನಿಕ್ ಸೋಲ್ಫಾ ಎಂಬ ಅಕ್ಷರಲಿಪಿಯನ್ನು ನೋಡಿಕೊಂಡೇ ನಾಲ್ಕು ಧ್ವನಿಯಲ್ಲಿ ಹಾಡುತ್ತದೆ. ಲಿಲಿಪಾಂಡಿನ ಬರವಣಿಗೆಯೂ ಇದರ ದಾಯಾದಿಯೇ. ಸ್ವರದ ಇಂಗ್ಲಿಷ್ ಅಕ್ಷರ, ಅದರ ಬೆನ್ನಿಗೆ ಕಾಲಪ್ರಮಾಣದ ಅಂಕಿ: 4 ಎಂದರೆ ಪೂರ್ಣ ಸ್ವರದ ಕಾಲು ಭಾಗ, 8 ಎಂದರೆ ಎಂಟನೆಯ ಒಂದು. ಸ್ಥಾಯಿ ಏರಿಸಲು ಮೇಲೊಂದು ಕೊಕ್ಕೆ, ಇಳಿಸಲು ಕಾಮಾ. ಆದರೆ ಇಲ್ಲಿನ ಕಾಮಾ ನಮ್ಮ ಕಾಮಾ ಅಲ್ಲ, ಗೆರೆಯೂ ನಮ್ಮ ಗೆರೆಯಲ್ಲ. ಪರಿಚಿತ ಮುಖ ಹೊತ್ತ ಅಪರಿಚಿತರು ಇವರು. ಮೊದಲ ವಾರದ ತಪ್ಪುಗಳೆಲ್ಲ ಹುಟ್ಟುವುದು ಇಲ್ಲಿಯೇ.

ಒಂದು ತಪ್ಪನ್ನು ಹತ್ತಿರದಿಂದ ನೋಡೋಣ. ಷಡ್ಜವನ್ನು ಡಿ ಸ್ವರದಲ್ಲಿಟ್ಟು ಶಂಕರಾಭರಣದ ಆರೋಹಣ ಬರೆಯಬೇಕು ಎಂದುಕೊಳ್ಳಿ. ಪಾಶ್ಚಾತ್ಯರ ಲೆಕ್ಕದಲ್ಲಿ ಅದು ಡಿ ಮೇಜರ್; ಎಫ್ ಮತ್ತು ಸಿ ಎರಡಕ್ಕೂ ಶಾರ್ಪ್, ಅಂದರೆ ಅರ್ಧ ಸ್ವರದ ಏರಿಕೆ, ಇದೆ. ಹೊಸಬರು ಮೇಲೊಂದು ಸಾಲಿನಲ್ಲಿ ‘ಇದು ಡಿ ಮೇಜರ್’ ಎಂದು ಸರಿಯಾಗಿಯೇ ಘೋಷಿಸುತ್ತಾರೆ. ಆಮೇಲೆ ಡಿ, ಇ, ಎಫ್, ಜಿ, ಎ, ಬಿ, ಸಿ, ಡಿ ಎಂದು ಸರಾಗವಾಗಿ ಟೈಪ್ ಮಾಡುತ್ತಾರೆ. ಪುಟ ಬಂದಾಗ ಎಫ್ ಮತ್ತು ಸಿ ಸ್ವರಗಳ ಪಕ್ಕದಲ್ಲಿ, ಶಾರ್ಪನ್ನು ರದ್ದು ಮಾಡುವ ‘ನ್ಯಾಚುರಲ್’ ಚಿಹ್ನೆ ಕುಳಿತಿರುತ್ತದೆ. ನುಡಿಸಿ ನೋಡಿದರೆ ಕೇಳುವುದು ಶಂಕರಾಭರಣವಲ್ಲ, ಖರಹರಪ್ರಿಯ. ತಂತ್ರಾಂಶ ಕೆಟ್ಟಿದೆ ಎಂದೇ ಯಾರಿಗಾದರೂ ಅನಿಸೀತು. ಕೆಟ್ಟಿಲ್ಲ. ನಮ್ಮ ಪುಸ್ತಕಗಳಲ್ಲಿ ಮೋಹನಕ್ಕೂ ‘ಗ’, ಖರಹರಪ್ರಿಯಕ್ಕೂ ‘ಗ’. ಅದು ಅಂತರ ಗಾಂಧಾರವೋ ಸಾಧಾರಣ ಗಾಂಧಾರವೋ ಎಂಬುದನ್ನು ಮೇಲೆ ಬರೆದ ರಾಗದ ಹೆಸರು ತೀರ್ಮಾನಿಸುತ್ತದೆ. ಅಚ್ಚಾದ ಐದು ಗೆರೆಯ ಲಿಪಿಯಲ್ಲೂ ಅಷ್ಟೇ, ಸಾಲಿನ ಆರಂಭದ ಶಾರ್ಪುಗಳು ಉಳಿದದ್ದನ್ನು ನೋಡಿಕೊಳ್ಳುತ್ತವೆ. ಲಿಲಿಪಾಂಡಿಗೆ ಕೊಡುವ ಬರಹದಲ್ಲಿ ಆ ರಿಯಾಯಿತಿ ಇಲ್ಲ. ಪ್ರತಿ ಸ್ವರವೂ ತನ್ನ ಪೂರ್ತಿ ಹೆಸರು ಹೇಳಬೇಕು. ಎಫ್ ಶಾರ್ಪ್ ಬೇಕಿದ್ದರೆ, ರೂಢಿಯ ಡಚ್ ಹೆಸರಿನಲ್ಲಿ, ‘ಫಿಸ್’ ಎಂದೇ ಬರೆಯಬೇಕು. ಶಾರ್ಪಿನ ಚಿಹ್ನೆಯನ್ನು ಪುಟದ ಮೇಲೆ ಬರೆಯಬೇಕೋ ಬೇಡವೋ ಎನ್ನುವುದು ತಂತ್ರಾಂಶದ ಕೆಲಸ, ಯಾವ ಸ್ವರ ಎಂದು ಹೇಳುವುದು ನಮ್ಮ ಕೆಲಸ. ಕಲಿಕೆಯ ಕೈಪಿಡಿಯ ಆರಂಭದಲ್ಲೇ ಈ ವಿಷಯಕ್ಕೆ ಪ್ರತ್ಯೇಕ ಎಚ್ಚರಿಕೆಯಿದೆ. ಅದನ್ನು ಹಾರಿಸಿಕೊಂಡು ಮುಂದೆ ಹೋದವರು ಒಂದು ಸಂಜೆಯನ್ನು ಕಳೆದುಕೊಳ್ಳುತ್ತಾರೆ. ಕರ್ನಾಟಕ ಸಂಗೀತ ಕಲಿತವರು ಇನ್ನೂ ಬೇಗ ಈ ಗುಂಡಿಗೆ ಬೀಳುತ್ತಾರೆ, ಏಕೆಂದರೆ ‘ಗ’ ಎಂದು ಬರೆದು ರಾಗವನ್ನು ನಂಬುವುದು ಅವರಿಗೆ ರಕ್ತಗತ.

ಈ ಕಟ್ಟುನಿಟ್ಟಿನಿಂದ ಲಾಭವೂ ಉಂಟು. ಪ್ರತಿ ಸ್ವರಕ್ಕೂ ಸ್ವಂತ ಗುರುತು ಇರುವುದರಿಂದಲೇ ಹಾಡುಗಾರ್ತಿಗೆ ಶ್ರುತಿ ಎತ್ತರವಾಯಿತೆಂದರೆ ಒಂದೇ ಒಂದು ಆದೇಶದಿಂದ ಇಡೀ ರಚನೆಯನ್ನು ಇನ್ನೊಂದು ಶ್ರುತಿಗೆ ಇಳಿಸಬಹುದು. ಎಲ್ಲಿ ಶಾರ್ಪ್, ಎಲ್ಲಿ ಫ್ಲಾಟ್ ಎಂದು ತಂತ್ರಾಂಶವೇ ಮತ್ತೆ ಲೆಕ್ಕ ಹಾಕುತ್ತದೆ. ನಿಂತ ಗೆರೆಯ ವಿಷಯವೂ ಹೀಗೆಯೇ. ಬಾರ್ ಎಂಬ ತಾಳದ ಖಂಡಗಳ ನಡುವಿನ ಗೆರೆಗಳನ್ನು ಲಿಲಿಪಾಂಡ್ ತಾನೇ ಎಳೆಯುತ್ತದೆ. ನಾವು ಟೈಪ್ ಮಾಡುವ ಗೆರೆ ಬರಿಯ ತಪಾಸಣೆ: ‘ಇಲ್ಲಿಗೆ ಬಾರ್ ಮುಗಿಯಿತು ಎಂದುಕೊಂಡಿದ್ದೇನೆ, ಸರಿಯೇ ನೋಡು’ ಎಂದಷ್ಟೇ ಅದರ ಅರ್ಥ. ಲೆಕ್ಕ ತಪ್ಪಿದ್ದರೆ ಯಾವ ಸಾಲಿನಲ್ಲಿ ತಪ್ಪಿದೆ ಎಂಬ ಎಚ್ಚರಿಕೆ ಬರುತ್ತದೆ. ತಾಳ ಹಾಕಿಕೊಂಡು ಕೂತ ಗುರುಗಳು ಎಡವಿದ ಜಾಗದಲ್ಲೇ ತೊಡೆ ತಟ್ಟಿ ನಿಲ್ಲಿಸಿದ ಹಾಗೆ. ಇನ್ನು ಸ್ಥಾಯಿ. ‘ಸಾಪೇಕ್ಷ’ ಎಂಬ ಬರೆಯುವ ಕ್ರಮದಲ್ಲಿ ಪ್ರತಿ ಸ್ವರವೂ ಹಿಂದಿನದಕ್ಕೆ ಅತಿ ಹತ್ತಿರದ ಜಾಗದಲ್ಲಿ ಕೂರುತ್ತದೆ. ಷಡ್ಜದಿಂದ ಮೇಲಿನ ಪಂಚಮಕ್ಕಿಂತ ಕೆಳಗಿನ ಪಂಚಮವೇ ಹತ್ತಿರ. ಆದ್ದರಿಂದ ಸ ಆದ ಮೇಲೆ ಬರಿದೆ ಪ ಎಂದರೆ ಅದು ಮಂದ್ರಕ್ಕೆ ಇಳಿದುಬಿಡುತ್ತದೆ. ಮ ಎಂದರೆ ಮೇಲೇರುತ್ತದೆ. ಒಂದು ಕೊಕ್ಕೆ ಬಿಟ್ಟುಹೋದರೆ ಅಲ್ಲಿಂದಾಚೆಗೆ ಎಲ್ಲವೂ ಒಂದು ಸ್ಥಾಯಿ ಕೆಳಗೆ.

ಇಂಥವನ್ನು ಊಹಿಸಿ ಕಲಿಯಲು ಬರುವುದಿಲ್ಲ. ಕೈಪಿಡಿ ಬೇಕೇ ಬೇಕು, ಅದೂ ಒಂದಲ್ಲ. ಕಲಿಕೆಯ ಕೈಪಿಡಿಯನ್ನು ಕಥೆಯಂತೆ ಮೊದಲಿನಿಂದ ಓದಬೇಕು. ಸ್ವರಲಿಪಿಯ ಆಕರ ಕೈಪಿಡಿ ನಿಘಂಟಿನ ಹಾಗೆ, ಬೇಕಾದಾಗ ತೆರೆದು ನೋಡುವುದಕ್ಕೆ. ತಂತ್ರಾಂಶವನ್ನು ಓಡಿಸುವ ಬಗೆಗೆ ಬೇರೊಂದು, ಸಿದ್ಧ ತುಣುಕುಗಳ ಸಂಗ್ರಹ ಮತ್ತೊಂದು, ಒಳಗಿನ ಯಂತ್ರಭಾಗಗಳ ಪಟ್ಟಿ ಇನ್ನೊಂದು. ಜನ ಸೋಲುವುದು ಹೆಚ್ಚಾಗಿ ಇವನ್ನು ಅದಲುಬದಲು ಮಾಡಿಕೊಂಡು: ಕಥೆಯನ್ನು ನಿಘಂಟಿನಂತೆ ಅಲ್ಲಲ್ಲಿ ಇಣುಕಿ ನೋಡುತ್ತಾರೆ, ನಿಘಂಟನ್ನು ಮೊದಲ ಪುಟದಿಂದ ಓದಲು ಕೂತು ಬೇಸತ್ತು ಮುಚ್ಚುತ್ತಾರೆ. ಆಕರ ಕೈಪಿಡಿಗೆ ತನ್ನದೇ ಆದ ಶಿಸ್ತಿದೆ. ವಿವರಣೆ, ಉದಾಹರಣೆ, ಕೊನೆಗೆ ಸಂಬಂಧಪಟ್ಟ ಇತರ ಪುಟಗಳ ಕೊಂಡಿ. ಎಷ್ಟೋ ಕಡೆ ಅದರ ಜೊತೆಗೆ ‘ತಿಳಿದಿರುವ ದೋಷಗಳು’ ಎಂಬ ತಲೆಬರಹವೂ ಇರುತ್ತದೆ. ತನ್ನ ಕುಂದನ್ನು ತಾನೇ ಬರೆದಿಡುವ ಕೈಪಿಡಿ ಅಪರೂಪ. ಅಲ್ಲಿರುವ ಸ್ವರಲಿಪಿಯ ಚಿತ್ರಗಳೂ ಯಾರೋ ಬಿಡಿಸಿ ಅಂಟಿಸಿದವಲ್ಲ. ಪಕ್ಕದ ಬರಹವನ್ನು ಲಿಲಿಪಾಂಡಿಗೇ ಕೊಟ್ಟು ತೆಗೆದವು. ಜಾಲದ ಆವೃತ್ತಿಯಲ್ಲಿ ಚಿತ್ರವನ್ನು ಒತ್ತಿದರೆ ಮೂಲ ಬರಹ ತೆರೆದುಕೊಳ್ಳುತ್ತದೆ. ಹಾಗೆಂದು ಹೊಗಳಿಕೆಗೆ ಮಿತಿ ಬೇಕು. ಸಂದರ್ಭ, ಧ್ವನಿ, ‘ಕೆತ್ತುವವರು’ ಎಂದೆಲ್ಲ ಒಳಗಿನ ಭಾಗಗಳಿಗೆ ಹೆಸರಿಟ್ಟು ವಿವರಿಸುವ ಮೂಲ ಪರಿಕಲ್ಪನೆಗಳ ಅಧ್ಯಾಯ ಕಡಿದಾದದ್ದು. ಅಲ್ಲಿಯವರೆಗೆ ಸಂಗೀತ ಮೇಷ್ಟರ ದನಿಯಲ್ಲಿ ಮಾತಾಡುತ್ತಿದ್ದ ಪುಸ್ತಕ ಇದ್ದಕ್ಕಿದ್ದಂತೆ ಎಂಜಿನಿಯರ್ ಆಗಿಬಿಡುತ್ತದೆ. ಓದುವವರು ಕೈಚೆಲ್ಲುವ ಜಾಗವೊಂದಿದ್ದರೆ ಅದು ಇದೇ ಎಂದು ನನ್ನ ಅನುಮಾನ.

ಇಷ್ಟೆಲ್ಲ ತಾಪತ್ರಯ ಏಕೆ, ಮೌಸಿನಲ್ಲಿ ಹತ್ತು ನಿಮಿಷಕ್ಕೆ ಮುಗಿಯುತ್ತದಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಎಂಟು ಬಾರಿನ ಒಂದು ಹಾಡಿಗೆ ಮೌಸೇ ಸರಿ. ಅದಕ್ಕಾಗಿ ಲಿಲಿಪಾಂಡ್ ಕಲಿಯಬೇಕೆನ್ನುವುದು ಇಲಿ ಹಿಡಿಯಲು ಬೆಟ್ಟ ಅಗೆದಂತೆ. ಅರವತ್ತು ಪುಟದ ವಾದ್ಯವೃಂದದ ಕೆಲಸವಾದರೆ ಲೆಕ್ಕ ತಿರುಗುತ್ತದೆ. ಪಿಟೀಲಿನ ಸಾಲನ್ನು ಒಂದು ಕಡೆ ಹೆಸರಿಟ್ಟು ಬರೆದರೆ ಸಾಕು, ನಿರ್ದೇಶಕರ ದೊಡ್ಡ ಪ್ರತಿಯಲ್ಲೂ ಪಿಟೀಲಿನವರ ಬಿಡಿ ಪ್ರತಿಯಲ್ಲೂ ಅದೇ ಮೂಡುತ್ತದೆ. ಒಂದು ಕಡೆ ತಿದ್ದಿದರೆ ಎರಡೂ ಕಡೆ ತಿದ್ದಿದಂತೆ. ಪುಟದ ಅಂದದ ಮಾತೂ ಇದೆ. ತಂತ್ರಾಂಶದ ಜೊತೆಗೆ ಬರುವ ಪ್ರಬಂಧವೊಂದರಲ್ಲಿ ಅದರ ಕರ್ತೃಗಳು ಬಾಖನ ಚೆಲ್ಲೋ ಸ್ವೀಟಿನ ಎರಡು ಮುದ್ರಣಗಳನ್ನು ಪಕ್ಕಪಕ್ಕ ಇಟ್ಟಿದ್ದಾರೆ. 1950ರದ್ದು ಲೋಹದ ಹಾಳೆಯ ಮೇಲೆ ಕೈಯಲ್ಲಿ ಕೆತ್ತಿದ್ದು, 2000ದ್ದು ಕಂಪ್ಯೂಟರಿನಲ್ಲಿ ಮಾಡಿದ್ದು. ಸ್ವರಗಳು ಅವೇ. ಆದರೂ ಹಳೆಯದು ಕಣ್ಣಿಗೆ ಹಿತ. ಹೊಸದರಲ್ಲಿ ಅಂತರಗಳೆಲ್ಲ ಅಳತೆಗೋಲಿಟ್ಟಂತೆ ಯಾಂತ್ರಿಕ. ಕೆತ್ತನೆಗಾರರು ಕಣ್ಣಳತೆಯಲ್ಲಿ ಮಾಡುತ್ತಿದ್ದ ಹೊಂದಾಣಿಕೆಗಳನ್ನು ನಿಯಮಗಳಾಗಿ ಬರೆದು ಯಂತ್ರಕ್ಕೆ ಕಲಿಸುವುದು ಇವರ ಗುರಿ. ಎಲ್ಲಿ ಏನು ಕೂರಬೇಕೆಂಬುದನ್ನು ಅದು ತಾನೇ ನಿರ್ಧರಿಸುವುದರಿಂದ ನಾವು ಅರ್ಥವನ್ನಷ್ಟೇ ಬರೆಯಬೇಕಾಗುತ್ತದೆ. ಫಿಸ್ ಎಂದು ಪೂರ್ತಿ ಹೆಸರು ಕೇಳುವ ಹಠದ ಮೂಲವೂ ಇಲ್ಲಿಯೇ ಇದೆ.

ಇನ್ನೊಂದು ಕಾರಣ ಬಾಳಿಕೆ. ಫಿನಾಲೆ ಎಂಬ ಪ್ರಸಿದ್ಧ ಸ್ವರಲಿಪಿ ತಂತ್ರಾಂಶದ ಅಭಿವೃದ್ಧಿಯನ್ನು ನಿಲ್ಲಿಸುವುದಾಗಿ ಅದರ ಕಂಪನಿ 2024ರ ಆಗಸ್ಟಿನಲ್ಲಿ ಪ್ರಕಟಿಸಿತು. ಸುಮಾರು 35 ವರ್ಷ ಬಾಳಿದ್ದು ಅದು. ಅದನ್ನೇ ನಂಬಿದ್ದವರು ತಮ್ಮ ಕಡತಗಳನ್ನು ಬೇರೆ ರೂಪಕ್ಕೆ ವರ್ಗಾಯಿಸಿಕೊಳ್ಳಬೇಕಾಯಿತು. ಸಾದಾ ಅಕ್ಷರದ ಕಡತವನ್ನು ಯಾವ ಕಂಪ್ಯೂಟರಿನಲ್ಲಾದರೂ ತೆರೆಯಬಹುದು, ತಂತ್ರಾಂಶವೇ ಇಲ್ಲದಿದ್ದರೂ ಕಣ್ಣಿನಿಂದ ಓದಬಹುದು. ಇದನ್ನೇ ದೊಡ್ಡದು ಮಾಡಿ ಮೆರೆಸುವವರು ಒಂದು ಮಾತು ಮರೆಯುತ್ತಾರೆ: ಲಿಲಿಪಾಂಡಿನ ವ್ಯಾಕರಣವೂ ಆವೃತ್ತಿಯಿಂದ ಆವೃತ್ತಿಗೆ ಬದಲಾಗಿದೆ. ಹಳೆಯ ಕಡತ ಹೊಸ ಆವೃತ್ತಿಯಲ್ಲಿ ಮುಗ್ಗರಿಸುವುದುಂಟು. ಅದಕ್ಕೇ ಕಡತದ ತಲೆಯಲ್ಲಿ ಆವೃತ್ತಿಯ ಸಂಖ್ಯೆ ಬರೆದಿಡಿ ಎಂದು ಕೈಪಿಡಿ ಒತ್ತಿ ಹೇಳುವುದು. ಆ ಸಂಖ್ಯೆ ನೋಡಿ ಹಳೆಯ ಬರಹವನ್ನು ಹೊಸದಕ್ಕೆ ತಿರುಗಿಸುವ ಉಪಕರಣ ಜೊತೆಯಲ್ಲೇ ಬರುತ್ತದೆ. ಪೂರ್ತಿ ಕೆಲಸ ಅದರಿಂದಾಗದು, ಉಳಿದದ್ದನ್ನು ಕೈಯಲ್ಲಿ ತಿದ್ದಬೇಕು. ತಿದ್ದಲು ಸಾಧ್ಯ ಎಂಬುದಷ್ಟೇ ವ್ಯತ್ಯಾಸ, ಆದರೆ ಸಣ್ಣ ವ್ಯತ್ಯಾಸವಲ್ಲ.

ನಮ್ಮ ಸಂಗೀತಕ್ಕೆ ಇದರಿಂದೇನು ಎಂಬ ಪ್ರಶ್ನೆ ಬಾಕಿ ಇದೆ. ತೋಡಿಯ ಗಾಂಧಾರ ಒಂದು ಜಾಗದಲ್ಲಿ ನಿಲ್ಲುವಂಥದ್ದಲ್ಲ. ಅದನ್ನು ಐದು ಗೆರೆಗಳ ನಡುವೆ ಬೊಟ್ಟಿಟ್ಟು ತೋರಿಸಿದರೆ ತೋಡಿಯೇ ಉಳಿಯುವುದಿಲ್ಲ. ಸುಬ್ಬರಾಮ ದೀಕ್ಷಿತರು 1904ರಲ್ಲಿ ಸಂಗೀತ ಸಂಪ್ರದಾಯ ಪ್ರದರ್ಶಿನಿಯನ್ನು ಹೊರತಂದಾಗ ಸ್ವರಾಕ್ಷರಗಳ ಜೊತೆಗೆ ಗಮಕಗಳಿಗೆಂದೇ ಬೇರೆ ಚಿಹ್ನೆಗಳನ್ನು ಬಳಸಿದ್ದು ಸುಮ್ಮನೆ ಅಲ್ಲ. ಕೃತಿ ಕಲಿಸಲು ಲಿಲಿಪಾಂಡ್ ಹಿಡಿಯಬೇಕೆಂದು ಯಾರಾದರೂ ಹೇಳಿದರೆ ನಂಬಬೇಕಿಲ್ಲ. ಆದರೆ ಐದು ಗೆರೆಯ ಲಿಪಿ ನಮ್ಮಲ್ಲಿ ಪರಕೀಯವಾಗಿಯೂ ಉಳಿದಿಲ್ಲ. ಮಂಗಳೂರು, ಬೆಂಗಳೂರುಗಳ ಚರ್ಚ್ ಗಾಯನವೃಂದಗಳಿಗೆ ಅದು ಬೇಕು, ಪಿಯಾನೊ ಪರೀಕ್ಷೆಗೆ ಕೂರುವ ಮಕ್ಕಳಿಗೆ ಬೇಕು, ಸಿನಿಮಾ ಹಾಡಿಗೆ ಪಿಟೀಲು ನುಡಿಸುವವರ ಮುಂದಿರುವುದೂ ಅದೇ. ಮುತ್ತುಸ್ವಾಮಿ ದೀಕ್ಷಿತರ ನೊಟ್ಟುಸ್ವರಗಳಂತೂ ಪಾಶ್ಚಾತ್ಯ ಮಟ್ಟುಗಳ ಮೇಲೆ ಕಟ್ಟಿದವು. ಗಮಕದ ಭಾರವಿಲ್ಲದ ಶಂಕರಾಭರಣ. ಲಿಲಿಪಾಂಡಿನಲ್ಲಿ ಕೈ ಪಳಗಿಸಿಕೊಳ್ಳಲು ಅವಕ್ಕಿಂತ ಒಳ್ಳೆಯ ಸಾಮಗ್ರಿ ಸಿಗಲಾರದು.

ಸ್ವರದ ಕೆಳಗೆ ಕನ್ನಡ ಸಾಹಿತ್ಯವೂ ಬರುತ್ತದೆ. ಕನ್ನಡ ಫಾಂಟ್ ಇದ್ದರೆ ಒತ್ತಕ್ಷರ, ದೀರ್ಘ ಎಲ್ಲ ಸರಿಯಾಗಿ ಮೂಡುತ್ತವೆ. ಪದವನ್ನು ಒಡೆಯಬೇಕಾದಲ್ಲಿ ನಡುವೆ ಎರಡು ಅಡ್ಡಗೆರೆ ಹಾಕಬೇಕು. ಎಲ್ಲಿ ಒಡೆಯುವುದು ಎಂಬುದನ್ನು ಮಾತ್ರ ಕೈಪಿಡಿ ಹೇಳುವುದಿಲ್ಲ, ಹೇಳಲೂ ಆಗದು. ‘ಕನ್ನಡ’ ಎಂಬುದನ್ನು ‘ಕನ್’, ‘ನ’, ‘ಡ’ ಎಂದು ಒಡೆಯುವುದೋ ‘ಕ’, ‘ನ್ನ’, ‘ಡ’ ಎಂದೋ? ಬಾಯಿ ಹೇಳುವುದು ಮೊದಲನೆಯದನ್ನು, ಬರೆಯುವ ಕೈ ಬಯಸುವುದು ಎರಡನೆಯದನ್ನು. ಕೈಪಿಡಿಗಳು ಹಲವು ಭಾಷೆಗಳಿಗೆ ಅನುವಾದಗೊಂಡಿವೆ. ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಜಪಾನಿ ಇವೆ, ಕನ್ನಡ ಇಲ್ಲ. ಇಂಗ್ಲಿಷಿನಲ್ಲೇ ಓದಬೇಕಾದದ್ದು ಅನೇಕರಿಗೆ ನಿಜವಾದ ಅಡ್ಡಿ, ಮೇಲೆ ಹೇಳಿದ ಯಾವ ಸಮರ್ಥನೆಯೂ ಅದನ್ನು ಅಳಿಸಲಾರದು. ಕೈಪಿಡಿಗಳ ಜೊತೆಗಿರುವ ಸಂಗೀತ ಪದಕೋಶವನ್ನಾದರೂ ಕನ್ನಡಕ್ಕೆ ತರಬಹುದು. ಅದರಲ್ಲಿ ಒಂದೊಂದು ಪದಕ್ಕೂ ಇಟಾಲಿಯನ್, ಡಚ್, ಫಿನ್ನಿಷ್ ಮುಂತಾದ ಭಾಷೆಗಳ ಸಮಾನಪದಗಳಿವೆ. ಆ ಕೆಲಸಕ್ಕೆ ಕೂತವರನ್ನು ‘ಬಾರ್’ ಎಂಬ ಪುಟ್ಟ ಪದವೇ ಮೊದಲು ನಿಲ್ಲಿಸುತ್ತದೆ. ಆವರ್ತ ಎಂದರೆ ಆದಿತಾಳದ ಎಂಟಕ್ಷರವೂ ಒಂದೇ ಬಾರಿನೊಳಗೆ ಬರಬೇಕು. ಅಂಗ ಎಂದರೆ ಗೆರೆ ಬೀಳುವುದು ನಾಲ್ಕು, ಎರಡು, ಎರಡಕ್ಕೆ. ನಾವು ತಾಳ ಬದಲಾಯಿಸದ ಹೊರತು ಲಿಲಿಪಾಂಡ್ ಎಲ್ಲ ಬಾರುಗಳನ್ನೂ ಸಮನಾಗಿಯೇ ಎಣಿಸುತ್ತದೆ.