ತೆರೆಯ ಮೇಲಿನ ಮನೆ ಕಟ್ಟಿದ್ದು ಯಾರು?

ನಾವು ಕಾಮಾಕ್ಷಿಪಾಳ್ಯದವರು. ಹಗಲೆಲ್ಲ ದುಡಿಯುತ್ತೇವೆ. ರಾತ್ರಿ ಟಿ.ವಿ.ಯಲ್ಲಿ ಸಿನಿಮಾ ನೋಡುತ್ತೇವೆ. ನಾಯಕ ಯಾರು, ನಾಯಕಿ ಯಾರು ಅಂತ ನಮಗೆ ಗೊತ್ತು. ಅವರು ನಿಂತಿರೋ ಮನೆ ಕಟ್ಟಿದ್ದು ಯಾರು? ಅದು ಗೊತ್ತಾ?

ಆ ಕೆಲಸ ಕಲಾ ನಿರ್ದೇಶಕರದು. ಪ್ರೊಡಕ್ಷನ್ ಡಿಸೈನರ್ ಅಂತಲೂ ಕರೆಯುತ್ತಾರೆ.

ನಮ್ಮ ಬೆಂಗಳೂರಿನ ಪಶ್ಚಿಮಕ್ಕೇ ಕಂಠೀರವ ಸ್ಟುಡಿಯೋ ಇದೆ. ಅದು ಶುರುವಾದದ್ದು 1966ರಲ್ಲಿ. ಸ್ಟುಡಿಯೋಗಳಲ್ಲಿ ಪ್ಲೈವುಡ್, ಬಟ್ಟೆ, ಬಣ್ಣದಿಂದಲೇ ಮನೆ ಎಬ್ಬಿಸುತ್ತಾರೆ. ಅದಕ್ಕೆ ಸೆಟ್ ಅನ್ನುತ್ತಾರೆ. ಮುಂದಿನಿಂದ ನೋಡಿದರೆ ಕಲ್ಲಿನ ಗೋಡೆ. ಹಿಂದೆ ಹೋದರೆ ಬರೀ ಮರದ ಚೌಕಟ್ಟು!

ಕಲಾ ನಿರ್ದೇಶಕರು ಮೊದಲು ಕತೆ ಓದುತ್ತಾರೆ. ಕತೆ ಯಾವ ಕಾಲದ್ದು? ಯಾವ ಊರಿನದು? ಮನೆ ಬಡವರದೋ, ಸಾಹುಕಾರರದೋ? ಆಮೇಲೆ ಚಿತ್ರ ಬರೆಯುತ್ತಾರೆ. ಅಳತೆ ಹಾಕುತ್ತಾರೆ. ಸಾಮಾನಿನ ಪಟ್ಟಿ ಮಾಡಿ ಖರ್ಚಿನ ಲೆಕ್ಕ ಹಾಕುತ್ತಾರೆ. ಬಡಗಿ, ಪೇಂಟರ್ ಎಲ್ಲರೂ ಸೇರಿ ಕೆಲಸ ಮಾಡುತ್ತಾರೆ. ಅಳತೆ ತಪ್ಪಿದರೆ ಹಲಗೆಯೂ ದಂಡ, ಕೂಲಿಯೂ ದಂಡ.

ಮಾಲ್ಗುಡಿ ಅನ್ನೋ ಊರು ಎಲ್ಲೂ ಇಲ್ಲ. ಅದು ಆರ್.ಕೆ. ನಾರಾಯಣ್ ಅವರ ಕತೆಯ ಊರು. ಶಂಕರ್‌ನಾಗ್ ಅವರು ‘ಮಾಲ್ಗುಡಿ ಡೇಸ್’ ಧಾರಾವಾಹಿ ಮಾಡಿದಾಗ ಮಲೆನಾಡಿನ ಆಗುಂಬೆಯೇ ಮಾಲ್ಗುಡಿ ಆಯಿತು. ಕಲಾ ನಿರ್ದೇಶಕರು ಜಾನ್ ದೇವರಾಜ್. 1986ರಲ್ಲಿ ಅದು ದೂರದರ್ಶನದಲ್ಲಿ ಬಂತು.

ಗಿರೀಶ್ ಕಾಸರವಳ್ಳಿ ಅವರ ‘ತಾಯಿ ಸಾಹೇಬ’ ಸ್ವಾತಂತ್ರ್ಯದ ಹಿಂದುಮುಂದಿನ ಕಾಲದ ಕತೆ. ಅಂಥ ಮನೆಯಲ್ಲಿ ಪ್ಲಾಸ್ಟಿಕ್ ಕೊಡ ಕಂಡರೆ ಹೇಗೆ? ನೋಡೋರು ನಗುತ್ತಾರೆ. ತಾಮ್ರದ ಹಂಡೆ, ಹಿತ್ತಾಳೆ ಚೊಂಬು ಬೇಕು. ಆ ಕಾಲದ ಸೀರೆ ಬೇಕು. ಇವೆಲ್ಲ ಹೆಂಗಸರಾದ ನಮಗೆ ಚೆನ್ನಾಗಿ ಗೊತ್ತಿರೋ ವಿಷಯ ಅಲ್ವಾ? ಈ ಸಿನಿಮಾದ ಕಲಾ ನಿರ್ದೇಶನಕ್ಕೆ ರಮೇಶ್ ದೇಸಾಯಿ ಅವರಿಗೆ 1997ರ ಸಾಲಿನ ರಾಷ್ಟ್ರ ಪ್ರಶಸ್ತಿ ಬಂತು. ಉಡುಪಿನ ಕೆಲಸಕ್ಕೆ ವೈಶಾಲಿ ಕಾಸರವಳ್ಳಿ ಅವರಿಗೂ ಬಂತು.

ಈ ಕೆಲಸ ಕಲಿಯೋದು ಹೇಗೆ? ಕೆಲವರು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಂಥ ಕಡೆ ಚಿತ್ರಕಲೆ ಕಲಿತು ಬರುತ್ತಾರೆ. ಕೆಲವರು ಸೆಟ್‌ನಲ್ಲಿ ಸಹಾಯಕರಾಗಿ ಸೇರಿ ಕಲಿಯುತ್ತಾರೆ. ಗೋಡೆ ಮೇಲೆ ಗೀಚುವ ಮಗಳನ್ನು ನಾವು ಗದರುತ್ತೇವೆ. ಅವಳ ಕೈಗೆ ಒಂದು ಹಾಳೆ, ಬಣ್ಣ ಕೊಡೋಣ. ಜೊತೆಗೆ ಓದು, ಲೆಕ್ಕ ಬಿಡಿಸಬಾರದು.

ಸಿನಿಮಾ ಶುರುವಾಗುವಾಗ ತೆರೆಯ ಮೇಲೆ ಹೆಸರುಗಳು ಬರುತ್ತವೆ. ಮೊದಲು ನಾವು ಅವು ಮುಗಿಯಲಿ ಅಂತ ಕಾಯುತ್ತಿದ್ದೆವು. ಈಗ ನಮಗೆ ಅಕ್ಷರ ಬರುತ್ತೆ. ‘ಕಲಾ ನಿರ್ದೇಶನ’ ಅಂತ ಬಂದಾಗ ಓದೋಣ. ಮನೆ ಕಟ್ಟಿದವರ ಹೆಸರು ಅಲ್ಲಿರುತ್ತೆ.