ಮುಂಗಾರು ಗಾಳಿ ಕುಡಿಯುವ ಕಾಫಿ ಬೀಜ

ಜುಲೈ ತಿಂಗಳ ಮಂಗಳೂರಿನಲ್ಲಿ ಒಗೆದ ಬಟ್ಟೆ ಒಣಗುವುದಿಲ್ಲ, ಭರಣಿಯ ಉಪ್ಪು ನೀರೊಡೆಯುತ್ತದೆ. ಅಂಥ ಹವೆಗೆ ಕಾಫಿ ಬೀಜವನ್ನು ಬೇಕೆಂದೇ ಒಡ್ಡಿ ಇಡುವ ಶೆಡ್ಡುಗಳು ಅಲ್ಲಿವೆ. ಕಾಫಿ ಹದಗೊಳಿಸುವ ಊರಿನ ಕ್ಯೂರಿಂಗ್ ವರ್ಕ್ಸ್ ಒಂದಕ್ಕೆ ಈ ಮಳೆಗಾಲದಲ್ಲಿ ಹೋಗಿ ಬಂದಾಗಿನಿಂದ ನನಗೆ ಅದರದ್ದೇ ಗುಂಗು.

ಕಾಫಿ ಕಣದಲ್ಲಿ ನಡೆಯುವುದೆಲ್ಲ ನೀರಿನಂಶದ ಜೊತೆಗಿನ ಹೋರಾಟವೇ. ಬೀಜದಲ್ಲಿ ಅದು ಶೇ 10–11ಕ್ಕೆ ಇಳಿಯುವವರೆಗೆ ಬೆಳೆಗಾರನಿಗೆ ನಿದ್ದೆ ಇಲ್ಲ. ಡಿಸೆಂಬರ್‌ನಲ್ಲಿ ಅಕಾಲ ಮಳೆ ಹನಿದರೆ ಟಾರ್ಪಾಲು ಹಿಡಿದು ಓಡುವವರನ್ನು ಚಿಕ್ಕಮಗಳೂರು, ಸಕಲೇಶಪುರ, ಕೊಡಗಿನ ಯಾವ ಕಣದಲ್ಲಾದರೂ ನೋಡಬಹುದು. ಅಷ್ಟು ಕಷ್ಟಪಟ್ಟು ಒಣಗಿಸಿದ ಬೀಜಕ್ಕೆ ಮಂಗಳೂರಿನ ಈ ಶೆಡ್ಡುಗಳಲ್ಲಿ ಮತ್ತೆ ತೇವ ಕುಡಿಸುತ್ತಾರೆ!

ಶೆಡ್ಡಿನ ಪಕ್ಕಗಳು ಕಡಲ ಕಡೆಯ ಗಾಳಿಗೆ ತೆರೆದಿವೆ, ಆದರೆ ಮಳೆಯ ಒಂದು ಹನಿಯೂ ಬೀಜಕ್ಕೆ ತಾಗುವಂತಿಲ್ಲ. ಬೇಕಾಗಿರುವುದು ತೇವ ಹೊತ್ತ ಗಾಳಿ ಮಾತ್ರ. ಸಿಪ್ಪೆ ಬಿಡಿಸಿ, ಗಾತ್ರ ನೋಡಿ ಆರಿಸಿದ ಚೆರ್ರಿ (ಇಡೀ ಹಣ್ಣಾಗಿಯೇ ಒಣಗಿಸಿದ) ಕಾಫಿಯ ಬೀಜವನ್ನು 12ರಿಂದ 15 ಸೆಂಟಿಮೀಟರ್ ದಪ್ಪಕ್ಕೆ ನೆಲದ ಮೇಲೆ ಹರವಿ, ಕೆಲವು ದಿನ ಮೇಲಿನದು ಕೆಳಗೆ, ಕೆಳಗಿನದು ಮೇಲೆ ಬರುವಂತೆ ಕೆದಕುತ್ತಾರೆ. ಆಮೇಲೆ ಗೋಣಿಚೀಲಕ್ಕೆ ಸಡಿಲವಾಗಿ ತುಂಬಿ, ನಡುವೆ ಗಾಳಿ ಓಡಾಡುವಂತೆ ಸಾಲಾಗಿ ಜೋಡಿಸುತ್ತಾರೆ. ಆಗಾಗ ಚೀಲ ಸುರಿದು ಮತ್ತೆ ತುಂಬಬೇಕು. ಸ್ವಲ್ಪ ಉದಾಸೀನ ಮಾಡಿದರೂ ಬೂಷ್ಟು ಹಿಡಿದು ಸರಕು ಹಾಳಾಗುತ್ತದೆ. ಜೂನ್‌ನಲ್ಲಿ ಹಿಡಿದ ಕೆಲಸ ಮುಗಿಯುವುದು ಸೆಪ್ಟೆಂಬರ್ ಹೊತ್ತಿಗೆ.

ಮೇಸ್ತ್ರಿ ನನ್ನ ಅಂಗೈ ಮೇಲೆ ಎರಡು ಬೀಜ ಇಟ್ಟರು. ಒಂದು ತೋಟದಿಂದ ಬಂದ ಹಾಗೇ ಇದ್ದದ್ದು: ಬೂದು ಮಿಶ್ರಿತ ಹಸಿರು, ಉಗುರು ನಾಟದಷ್ಟು ಗಟ್ಟಿ. ಇನ್ನೊಂದು ವಾರಗಟ್ಟಲೆ ಗಾಳಿ ಕುಡಿದದ್ದು: ಉಬ್ಬಿಕೊಂಡು, ಒಣಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ನಡುವಿನ ಗೀರು ಬಾಯಿ ಬಿಟ್ಟಿತ್ತು. ಮೂಗಿನ ಹತ್ತಿರ ಹಿಡಿದರೆ ಹಸಿ ಬೀಜದ ಸೊಪ್ಪಿನ ವಾಸನೆ ಇಲ್ಲ, ಹಳೆಯ ಅಟ್ಟದ ಘಮ. ಎರಡೂ ಒಂದೇ ಗಿಡದ್ದು ಎಂದರೆ ನಂಬುವುದು ಕಷ್ಟ. ಈ ಹೊತ್ತಿಗೆ ತೇವಾಂಶ ಶೇ 13–14ಕ್ಕೆ ಏರಿರುತ್ತದೆ. ಉಬ್ಬದೆ ಉಳಿದ ಕಾಳುಗಳನ್ನು ಕೊನೆಯಲ್ಲಿ ಹೆಂಗಸರು ಒಂದೊಂದಾಗಿ ಹೆಕ್ಕಿ ತೆಗೆಯುತ್ತಾರೆ. ಆ ಕಣ್ಣಿಗೆ ಸಮನಾದ ಯಂತ್ರವನ್ನು ನಾನಂತೂ ನೋಡಿಲ್ಲ.

ಇದು ಹುಟ್ಟಿದ ಕಥೆ ಕಾಫಿಯವರಿಗೆಲ್ಲ ಬಾಯಿಪಾಠ. ಹಾಯಿಹಡಗುಗಳ ಕಾಲದಲ್ಲಿ ಮಲಬಾರ್ ಕರಾವಳಿಯ ಕಾಫಿ ಆಫ್ರಿಕಾದ ತುದಿಯನ್ನು ಸುತ್ತಿಕೊಂಡು ಯುರೋಪ್ ಸೇರಲು ತಿಂಗಳುಗಟ್ಟಲೆ ಹಿಡಿಯುತ್ತಿತ್ತು. ಹಡಗಿನ ಹೊಟ್ಟೆಯ ತೇವದಲ್ಲಿ ಬೀಜ ಉಬ್ಬಿ, ಬಣ್ಣಗೆಟ್ಟು, ಬೇರೆಯದೇ ರುಚಿ ಪಡೆಯುತ್ತಿತ್ತು. 1869ರಲ್ಲಿ ಸೂಯೆಜ್ ಕಾಲುವೆ ತೆರೆಯಿತು, ಉಗಿಹಡಗುಗಳು ಬಂದವು, ಪ್ರಯಾಣ ಚಿಕ್ಕದಾಯಿತು. ಬೀಜ ಹಸಿರಾಗಿಯೇ ತಲುಪತೊಡಗಿದಾಗ ಗಿರಾಕಿಗಳು ಹಳೆಯ ರುಚಿಯನ್ನೇ ಕೇಳಿದರಂತೆ. ಕೇಳಲು ಚೆನ್ನಾಗಿದೆ. ಆದರೆ ಹಡಗಿನಲ್ಲಿ ತಾನಾಗಿ ಆಗುತ್ತಿದ್ದುದನ್ನು ನೆಲದ ಮೇಲೆ ಒಂದು ಕ್ರಮಕ್ಕೆ ತಂದದ್ದು ಕೆದಕಿ, ಸುರಿದು, ತುಂಬಿ, ಹದ ಕಂಡುಕೊಂಡ ಕೈಗಳು. ಕಥೆಯಲ್ಲಿ ಆ ಕೈಗಳಿಗೆ ಜಾಗವೇ ಇಲ್ಲದಿರುವುದು ನನಗೆ ಸರಿ ಕಾಣುವುದಿಲ್ಲ. ಹೀಗೆ ಗಾಳಿ ಕುಡಿಸಿದ ಈ ಕಾಫಿಗೆ, ಅಂದರೆ ‘ಮಾನ್ಸೂನ್ಡ್ ಮಲಬಾರ್’ಗೆ, ಇಂದು ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಆ ಗಾಳಿ, ಆ ಕರಾವಳಿ ಇಲ್ಲದೆ ಇದು ಆಗುವ ಕೆಲಸವಲ್ಲ.

ಕಾಫಿ ಹದ ಮಾಡುವ ಉಳಿದೆರಡು ದಾರಿಗಳು ಮಲೆನಾಡಿನವರಿಗೆ ಗೊತ್ತಿದ್ದದ್ದೇ. ಹಣ್ಣನ್ನು ಇಡಿಯಾಗಿ ಕಣದಲ್ಲಿ ಒಣಗಿಸಿದರೆ ಚೆರ್ರಿ. ಹಿಡಿ ತುಂಬ ತೆಗೆದು ಅಲುಗಾಡಿಸಿದಾಗ ಗಲಗಲ ಎಂದರೆ ಒಣಗಿತೆಂದು ಲೆಕ್ಕ. ಪಲ್ಪರ್‌ಗೆ ಹಾಕಿ ಸಿಪ್ಪೆ ಸುಲಿದು, ಲೋಳೆ ಬಿಡುವವರೆಗೆ ತೊಟ್ಟಿಯಲ್ಲಿ ಹುದುಗಲು ಬಿಟ್ಟು, ತೊಳೆದು ಒಣಗಿಸಿದರೆ ಪಾರ್ಚ್‌ಮೆಂಟ್. ತೊಟ್ಟಿಯಲ್ಲಿ ಕೈಯಾಡಿಸಿದಾಗ ಜಾರುತ್ತಿದ್ದ ಬೀಜ ಮುಷ್ಟಿಯಲ್ಲಿ ಗರಗರ ಅನ್ನತೊಡಗಿದರೆ ಲೋಳೆ ಬಿಟ್ಟಿದೆ ಎಂದರ್ಥ. ಒಂದು ದಿನಕ್ಕೆ ಆಗಬೇಕಾದ್ದು ಚಳಿ ಹೆಚ್ಚಿದ್ದರೆ ಒಂದೂವರೆ ದಿನ ಹಿಡಿಯಬಹುದು, ಮರೆತು ಬಿಟ್ಟರೆ ಹುಳಿ ವಾಸನೆ ಬೀಜದೊಳಕ್ಕೇ ಇಳಿಯುತ್ತದೆ. ಪಾರ್ಚ್‌ಮೆಂಟ್‌ನ ಕಷಾಯ ತಿಳಿ, ಹುಳಿ ಚುರುಕು. ಚೆರ್ರಿಯದು ಮಂದ, ತುಸು ಒರಟು. ಗಾಳಿ ಕುಡಿದದ್ದಕ್ಕೆ ಹುಳಿ ಬಹುಪಾಲು ಹೋಗಿ, ಬಾಯಿ ತುಂಬುವ ಭಾರ ಬಂದಿರುತ್ತದೆ. ಯುರೋಪಿನವರು ಎಸ್ಪ್ರೆಸೊ ಮಿಶ್ರಣಕ್ಕೆ ಇದನ್ನು ಮೆಚ್ಚಿದ್ದು ಅದಕ್ಕೇ. ಹಾಲು ಬೆರೆಸುವ ನಮ್ಮ ಫಿಲ್ಟರ್ ಕಾಫಿಗೂ ಇದು ಸೊಗಸಾಗಿ ಹೊಂದುತ್ತದೆ. ಹೆಚ್ಚಿನ ಪಾಲು ಹೊರದೇಶಕ್ಕೆ ಹೋಗುವುದು ನಮಗೇ ನಷ್ಟ.

ಲೋಳೆ ಉಳಿಸಿ ಒಣಗಿಸುವ ‘ಹನಿ’ (ಜೇನು), ಗಾಳಿ ತಾಗದಂತೆ ಮುಚ್ಚಿ ಹುದುಗಿಸುವ ‘ಅನೇರೋಬಿಕ್’ ಎಂಬ ಹೊಸ ವಿಧಾನಗಳೂ ತೋಟಗಳಿಗೆ ಬಂದಿವೆ. ಕೆಲವನ್ನು ಕುಡಿದಾಗ ಕಾಫಿಗಿಂತ ಹಣ್ಣಿನ ರಸದ ನೆನಪೇ ಜಾಸ್ತಿಯಾಯಿತು. ಅವು ಎಷ್ಟು ದಿನ ಬಾಳುತ್ತವೆಯೋ ಎಂಬ ಅನುಮಾನ ನನಗಿದೆ. ಇನ್ನು ಪಾರ್ಚ್‌ಮೆಂಟ್ ಮಾಡುವಾಗಿನ ಪಲ್ಪಿಂಗ್‌ನ ನೀರು ಹಾಗೇ ಹಳ್ಳ ಸೇರಿದರೆ ಮೀನು ಸಾಯುತ್ತವೆ ಎಂಬುದನ್ನೂ ಹೇಳಲೇಬೇಕು. ನೀರು ಬೇಡದ ಚೆರ್ರಿಯನ್ನು ಕೀಳಾಗಿ ಕಾಣುವುದನ್ನು ಬಿಡಲು ಅದೊಂದೇ ಕಾರಣ ಸಾಕು.

ನಮ್ಮಲ್ಲಿ ಕಾಫಿಯ ಮಾತು ಬಂದರೆ ತೋಟದ ಎತ್ತರ, ತಳಿ, ನೆರಳು ಇಷ್ಟರಲ್ಲೇ ಮುಗಿಯುತ್ತದೆ. ರುಚಿಯಲ್ಲಿ ಅರ್ಧ ಪಾಲು ಕೊಯ್ಲಿನ ನಂತರದ ಕೆಲಸದ್ದು ಎಂದು ಆ ಶೆಡ್ಡು ನೋಡಿದ ಮೇಲೆ ನನಗೆ ಖಾತ್ರಿಯಾಗಿದೆ. ಪುಡಿಯ ಪ್ಯಾಕೆಟ್ ಮೇಲೆ ಚಿಕೋರಿ ಶೇಕಡಾ ಎಷ್ಟೆಂದು ಅಚ್ಚಾಗಿರುತ್ತದೆ. ಬೀಜ ಪಾರ್ಚ್‌ಮೆಂಟೋ, ಚೆರ್ರಿಯೋ, ಮಳೆಗಾಳಿಯದೋ ಎಂಬುದು ಸಾಮಾನ್ಯವಾಗಿ ಇರುವುದಿಲ್ಲ. ಮುಂದಿನ ಸಲ ಪುಡಿ ಮಾಡಿಸಲು ಹೋದಾಗ ಅಂಗಡಿಯವರನ್ನು ಅದನ್ನೂ ಕೇಳಿ.