ಖರೀದಿ ಕೌಶಲಕ್ಕೂ ಬೇಕು ಅನುದಾನ

ಗ್ರಾಮ ಪಂಚಾಯಿತಿಗಳ ಖರೀದಿಯಲ್ಲಿ ಅಕ್ರಮ ತಡೆಯಲು ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ-1999 ಇದೆ. ಸಣ್ಣ ಮೊತ್ತಗಳನ್ನು ಹೊರತುಪಡಿಸಿ ಟೆಂಡರ್ ಕಡ್ಡಾಯ. ಆದರೆ ಬೀದಿದೀಪ ಎಷ್ಟು ವಾಟ್‌ನದಾಗಿರಬೇಕು, ಖಾತರಿ ಎಷ್ಟು ವರ್ಷ ಎಂಬುದನ್ನು ಕಾಯ್ದೆ ಹೇಳದು. ಟೆಂಡರ್ ದಾಖಲೆಯಲ್ಲಿ ಅಧಿಕಾರಿಗಳೇ ನಮೂದಿಸಬೇಕು. ಅದು ಅಸ್ಪಷ್ಟವಾಗಿದ್ದರೆ, ನಿಯಮ ಪಾಲಿಸಿಯೂ ಕಳಪೆ ದೀಪವೇ ಊರಿಗೆ ಬಂದೀತು.

ಪಂಚಾಯಿತಿ ಪ್ರತಿನಿಧಿಗಳು ಹಾಗೂ ಸಿಬ್ಬಂದಿಯ ಸಾಮರ್ಥ್ಯವೃದ್ಧಿಗೆಂದು ರಾಷ್ಟ್ರೀಯ ಗ್ರಾಮ ಸ್ವರಾಜ್ ಅಭಿಯಾನಕ್ಕೆ ಕೇಂದ್ರ ಸಂಪುಟ 2022ರ ಏಪ್ರಿಲ್‌ನಲ್ಲಿ, 2026ರ ಮಾರ್ಚ್‌ವರೆಗಿನ ಅವಧಿಗೆ 5,911 ಕೋಟಿ ರೂಪಾಯಿ ಮಂಜೂರು ಮಾಡಿತ್ತು. ಇದರಲ್ಲಿ 3,700 ಕೋಟಿ ಕೇಂದ್ರದ್ದು, ಉಳಿದದ್ದು ರಾಜ್ಯಗಳದ್ದು. ಕರ್ನಾಟಕದಲ್ಲಿ ಇಂತಹ ತರಬೇತಿಯ ಹೊಣೆ ಮೈಸೂರಿನ ಅಬ್ದುಲ್ ನಜೀರ್ ಸಾಬ್ ಸಂಸ್ಥೆಯದು.

ಶಿಬಿರಕ್ಕೆ ಬಂದವರ ಸಂಖ್ಯೆಯಿಂದ ಈ ವೆಚ್ಚದ ಫಲ ತಿಳಿಯದು. ತರಬೇತಿಯ ನಂತರ ಸಿದ್ಧವಾದ ಟೆಂಡರ್ ದಾಖಲೆಗಳನ್ನೇ ಪರಿಶೀಲಿಸಬೇಕು.